ಒಂದೇ ಬಾಲ, ಎರಡು ಕಾಯಿಲೆ: ಮಾಡೆಲ್ ಹೆಲಿಕಾಪ್ಟರ್ ರಿಪೇರಿಯ ಒಂದು ಪ್ರಕರಣ

ಬಿದ್ದ ಹೆಲಿಕಾಪ್ಟರ್‌ಗೆ ಹೊಸ ಭಾಗಗಳನ್ನು ಹಾಕಿ ಮೇಲೆತ್ತಿದ ಮೇಲೂ ಬಾಲ ನೆಟ್ಟಗೆ ನಿಲ್ಲುವುದಿಲ್ಲ ಎಂಬ ದೂರು ಈ ಹವ್ಯಾಸದಲ್ಲಿ ಮಾಮೂಲು. ಈ ಪ್ರಕರಣವನ್ನು ಬರೆದಿಡಲು ಕಾರಣ ದೂರು ಹೊಸದು ಎಂಬುದಲ್ಲ, ಅದರ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು ಕೂಡಿಕೊಂಡಿದ್ದವು ಎಂಬುದು. ಮಾಲೀಕರ ಗುರುತು, ಯಂತ್ರದ ಕಂಪನಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಅವರಾಗಿಯೇ ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಯಂತ್ರ ನನ್ನ ಮೇಜಿಗೆ ಬಂತು.

ಹಿನ್ನೆಲೆ

ಗಾತ್ರದಲ್ಲಿ ಇದು 450 ವರ್ಗದ ಎಲೆಕ್ಟ್ರಿಕ್ ಹೆಲಿಕಾಪ್ಟರ್. 325 ಮಿಲಿಮೀಟರ್ ಉದ್ದದ ಮುಖ್ಯ ಬ್ಲೇಡ್‌ಗಳು, ಮೂರು ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ, ಫ್ಲೈಬಾರ್ (ಸ್ಥಿರತೆಗೆಂದು ಇರುವ ಅಡ್ಡ ಕಡ್ಡಿ) ಇಲ್ಲದ ತಲೆ, ಅಂದರೆ ಮುಖ್ಯ ರೋಟರ್‌ನ ಹಬ್, ಯಂತ್ರ ತಿರುಗಿದ್ದನ್ನು ಅರಿಯುವ ಮೂರು ಅಕ್ಷಗಳ ಗೈರೋ ಇರುವ ಕಂಟ್ರೋಲ್ ಯೂನಿಟ್. ಬಾಲದ ರೋಟರ್ ಅನ್ನು ತಿರುಗಿಸುವುದು ಬೂಮ್‌ನ, ಅಂದರೆ ಬಾಲದ ಉದ್ದನೆಯ ಕೊಳವೆಯ, ಒಳಗೆ ಓಡುವ ಹಲ್ಲಿನ ಬೆಲ್ಟ್. ಬಾಲದ ಬ್ಲೇಡ್‌ಗಳ ಕೋನ ಬದಲಿಸುವ ಪುಟ್ಟ ಮೋಟರ್, ಅಂದರೆ ಬಾಲದ ಸರ್ವೋ, ಬೂಮ್ ಮೇಲೆಯೇ ಕ್ಲಾಂಪ್‌ನಲ್ಲಿ ಕೂತಿದೆ, ಅದರ ವೈರು ಬೂಮ್‌ಗೆ ಅಂಟಿಕೊಂಡೇ ಮುಂದಕ್ಕೆ ಬಂದು ಯೂನಿಟ್ ಸೇರುತ್ತದೆ. ಈ ವರ್ಗದಲ್ಲಿ ಇದು ಸಾಮಾನ್ಯ ಜೋಡಣೆ.

ಮಾಲೀಕರು ಹೊಸಬರಲ್ಲ. ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು), ಎಂಟರ ಆಕಾರದ ಸುತ್ತು, ಸರಳ ಲೂಪ್ ಎಲ್ಲವನ್ನೂ ನಿರಾಯಾಸವಾಗಿ ಮಾಡುವವರು. ಹೆಲಿಕಾಪ್ಟರ್ ಮಾತ್ರ ಅವರಿಗೆ ಎರಡನೇ ಕೈಯಿಂದ ಬಂದದ್ದು. ಮೊದಲಿನವರು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದರು, ಆದರೆ ಏನೇನು ಬದಲಾವಣೆ ಮಾಡಿದ್ದರು ಎಂದು ಬರೆದಿಟ್ಟಿರಲಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರಗಳ ದೊಡ್ಡ ತೊಡಕೇ ಇದು. ಸವೆದ ಭಾಗ ಕಣ್ಣಿಗೆ ಬೀಳುತ್ತದೆ, ಹಿಂದೊಮ್ಮೆ ಯಾರೋ ಯೋಚಿಸಿ ಮಾಡಿದ ಪರಿಹಾರ ಬೀಳುವುದಿಲ್ಲ.

ಬಿದ್ದದ್ದು ದೊಡ್ಡ ಎತ್ತರದಿಂದಲ್ಲ. ಇಳಿಸುವಾಗ ಬಾಲ ಎತ್ತರದ ಹುಲ್ಲಿಗೆ ಸಿಕ್ಕಿಕೊಂಡಿತು, ಯಂತ್ರ ಮಗ್ಗುಲಾಗಿ ಉರುಳಿತು, ಮುಖ್ಯ ಬ್ಲೇಡ್‌ಗಳು ನೆಲಕ್ಕೆ ಬಡಿದವು. ಬೂಮ್ ಬಾಗಿತು, ಮುಖ್ಯ ಗೇರಿನ ಕೆಲವು ಹಲ್ಲು ಹೋದವು, ಮುಖ್ಯ ಬ್ಲೇಡ್‌ಗಳನ್ನು ಹಿಡಿದಿರುವ ಫೆದರಿಂಗ್ ಶಾಫ್ಟ್ ಸೊಟ್ಟಗಾಯಿತು. ಇವನ್ನೂ ಎರಡೂ ಕಡೆಯ ಬ್ಲೇಡ್‌ಗಳನ್ನೂ ಮಾಲೀಕರು ಬದಲಿಸಿದರು. ಮುಖ್ಯ ಶಾಫ್ಟ್ ಅನ್ನು ಗಾಜಿನ ಮೇಲೆ ಉರುಳಿಸಿ ನೋಡಿದರು, ನೇರವಾಗಿತ್ತು. ಬಾಲದ ಶಾಫ್ಟ್ ಅನ್ನು ಬಿಚ್ಚದೆಯೇ, ಕೈಯಲ್ಲಿ ತಿರುಗಿಸಿ, ಕಣ್ಣಳತೆಯಲ್ಲಿ ಸರಿಯಿದೆ ಎಂದುಕೊಂಡು ಹಾಗೆಯೇ ಉಳಿಸಿಕೊಂಡರು.

ಸಮಸ್ಯೆ

ರಿಪೇರಿಯ ನಂತರದ ಮೊದಲ ಹೋವರ್‌ನಲ್ಲೇ ಬಾಲ ಎಡಕ್ಕೂ ಬಲಕ್ಕೂ ಬೇಗಬೇಗ ಅಲುಗತೊಡಗಿತು. ಜೊತೆಗೆ, ಯಾವಾಗಲೋ ಒಮ್ಮೆ, ಯಾರೂ ಸ್ಟಿಕ್ ಮುಟ್ಟದಿದ್ದರೂ ಬಾಲ ಥಟ್ಟನೆ ಒಂದು ಪಕ್ಕಕ್ಕೆ ಒದ್ದುಕೊಂಡು ಮತ್ತೆ ಸ್ಥಾನಕ್ಕೆ ಬರುತ್ತಿತ್ತು. ಕೆಲವು ಹಾರಾಟಗಳಲ್ಲಿ ಈ ಒದೆತ ಎರಡು ಮೂರು ಬಾರಿ, ಕೆಲವುಗಳಲ್ಲಿ ಒಂದೂ ಇಲ್ಲ.

ಮಾಲೀಕರು ಎರಡನ್ನೂ ಒಂದೇ ರೋಗದ ಸಣ್ಣ ರೂಪ, ದೊಡ್ಡ ರೂಪ ಎಂದು ತಿಳಿದರು. ಹಾಗೆ ತಿಳಿಯುವುದು ಸಹಜ. ಎರಡೂ ಬಾಲದಲ್ಲೇ ಕಾಣಿಸಿಕೊಂಡವು, ಎರಡೂ ಬಿದ್ದ ನಂತರವೇ ಶುರುವಾದವು. ಆದರೆ ಮುಂದಿನ ಬಹಳಷ್ಟು ಶ್ರಮ ವ್ಯರ್ಥವಾದದ್ದು ಈ ಒಂದು ಊಹೆಯಿಂದಲೇ.

ಮಾಲೀಕರು ಮಾಡಿದ ಪ್ರಯತ್ನಗಳು

ಬಾಲ ಅಲುಗಿದರೆ ಎಲ್ಲರ ಕೈ ಮೊದಲು ಹೋಗುವುದು ಗೈರೋ ಗೇನ್ ಕಡೆಗೆ, ಅಂದರೆ ಗೈರೋ ಎಷ್ಟು ಬಲವಾಗಿ ತಿದ್ದಬೇಕು ಎಂಬ ಅಳತೆಯ ಕಡೆಗೆ. ರಿಮೋಟ್‌ನಲ್ಲೇ ಸಿಗುವ ಸೆಟ್ಟಿಂಗ್, ಸ್ಕ್ರೂ ಬಿಚ್ಚುವ ಗೋಜಿಲ್ಲ. ಬೀಳುವ ಮೊದಲು ಗೇನ್ ಶೇಕಡಾ 46ರಲ್ಲಿತ್ತು. ಅದನ್ನು ಇಳಿಸುತ್ತ ಇಳಿಸುತ್ತ 30ರ ಹತ್ತಿರ ತಂದಾಗ ಅಲುಗಾಟ ಹೆಚ್ಚುಕಡಿಮೆ ನಿಂತಿತು. ಆದರೆ ಬಾಲದ ಹಿಡಿತವೂ ಹೋಯಿತು. ಪಕ್ಕದಿಂದ ಗಾಳಿ ಬೀಸಿದರೆ ಮೂತಿ ತಿರುಗುತ್ತಿತ್ತು, ಪಿರುಯೆಟ್ (ನಿಂತಲ್ಲೇ ಸುತ್ತುವುದು) ನಿಲ್ಲಿಸಿದ ಮೇಲೂ ಬಾಲ ಇನ್ನಷ್ಟು ದೂರ ಜಾರಿ ನಿಲ್ಲುತ್ತಿತ್ತು. ಒದೆತವಂತೂ ಹಾಗೆಯೇ ಇತ್ತು.

ಆಮೇಲೆ ಗೈರೋ ಯೂನಿಟ್‌ನ ಅಡಿಯ ಅಂಟುಪಟ್ಟಿಯನ್ನು ದಪ್ಪನೆಯದಕ್ಕೆ ಬದಲಿಸಿದರು. ಬೆಲ್ಟ್ ಬಿಗಿ ಮಾಡಿದರು. ತಲೆಯ ವೇಗ ಇಳಿಸಿ ನೋಡಿದರು. ಸರ್ವೋ ತೋಳಿನಲ್ಲಿ ರಾಡ್ ಸಿಕ್ಕಿಸುವ ಬಾಲ್ ಅನ್ನು ಒಂದು ರಂಧ್ರ ಒಳಕ್ಕೆ ಸರಿಸಿದರು. ಇವುಗಳಲ್ಲಿ ಕೆಲವನ್ನು ಒಟ್ಟೊಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂಬುದು ಅವರಿಗೇ ಗೊತ್ತಾಗಲಿಲ್ಲ. ನನ್ನ ಬಳಿಗೆ ಬರುವ ಹೊತ್ತಿಗೆ ಯಂತ್ರ, ಬಿದ್ದ ದಿನ ಹೇಗಿತ್ತೋ ಅದಕ್ಕಿಂತ ಹೆಚ್ಚು ಗೋಜಲಾಗಿತ್ತು.

ಮೊದಲ ತಿರುವು: ಗೇನ್ ಬಗ್ಗೆ ಒಂದು ಪ್ರಶ್ನೆ

ಮೇಜಿನ ಮೇಲೆ ಮೊದಲು ಮಾಡಿದ ಕೆಲಸ, ಬೀಳುವ ಮೊದಲಿದ್ದ ಸ್ಥಿತಿಗೆ ಎಲ್ಲವನ್ನೂ ಮರಳಿಸುವುದು. ಹಳೆಯ ದಪ್ಪದ ಅಂಟುಪಟ್ಟಿ, ಹಳೆಯ ರಂಧ್ರ, ಹಳೆಯ ವೇಗ, ಗೇನ್ ಮತ್ತೆ 46. ಅಳತೆ ಬದಲಾದಲ್ಲೆಲ್ಲ ಹಳೆಯದು ಯಾವುದೆಂದು ತಿಳಿಯಲು ನೆರವಾದದ್ದು ರಿಮೋಟ್‌ನ ಇನ್ನೊಂದು ಮೆಮೊರಿಯಲ್ಲಿ ಉಳಿದಿದ್ದ ನಕಲು, ಮತ್ತು ಮಾಲೀಕರು ಬ್ಯಾಟರಿಗಳ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ನೋಟ್‌ಬುಕ್. ಆ ನೋಟ್‌ಬುಕ್ ಮುಂದೆ ಇನ್ನೂ ದೊಡ್ಡ ಉಪಕಾರ ಮಾಡಿತು.

ಪ್ರಶ್ನೆ ಸರಳ. ಅದೇ ಸರ್ವೋ, ಅದೇ ಗೈರೋ, ಅದೇ ವೇಗದಲ್ಲಿ 46ರ ಗೇನ್ ಇಷ್ಟು ದಿನ ನಡೆದಿತ್ತು ಎಂದಾದರೆ ಈಗ ಅದು ಯಾಕೆ ಹೆಚ್ಚಾಗಬೇಕು? ಗೇನ್ ನಿಜವಾಗಿಯೂ ಅತಿಯಾದರೆ ಬಾಲ ಸಣ್ಣಗೆ, ಒಂದೇ ಲಯದಲ್ಲಿ, ಬಹಳ ಬೇಗ ನಡುಗುತ್ತದೆ. ಸ್ವಲ್ಪ ಇಳಿಸಿದರೆ ನಡುಕ ಹೋಗಿ ಹಿಡಿತ ಉಳಿಯುತ್ತದೆ. ಇಲ್ಲಿ ಅಲುಗಾಟಕ್ಕೆ ಸಮಲಯವಿರಲಿಲ್ಲ. ಅದು ನಿಲ್ಲುವಷ್ಟು ಇಳಿಸಿದರೆ ಹಿಡಿತವೇ ಇರುತ್ತಿರಲಿಲ್ಲ. ಗೈರೋ ಹೇಳಿದ್ದನ್ನು ಬಾಲ ಕೇಳುತ್ತಿಲ್ಲ, ತಡವಾಗಿ ಕೇಳಿದಾಗ ಅತಿಯಾಗಿ ಕೇಳುತ್ತಿದೆ ಎನ್ನುವುದರ ಲಕ್ಷಣ ಅದು. ಅಂದರೆ ಸರ್ವೋದಿಂದ ಬಾಲದ ಬ್ಲೇಡ್‌ವರೆಗಿನ ದಾರಿಯಲ್ಲಿ ಎಲ್ಲೋ ಬಿಗಿತ ಇರಬೇಕು, ಇಲ್ಲವೇ ಸಡಿಲ ಇರಬೇಕು.

ಮೋಟರಿನ ಮೂರು ವೈರುಗಳನ್ನು ಬಿಚ್ಚಿಟ್ಟೆ. ಮೇಜಿನ ಮೇಲೆ ಬ್ಯಾಟರಿ ಜೋಡಿಸುವ ಯಾವ ಕೆಲಸಕ್ಕೂ ಮೊದಲು ಇದನ್ನು ಮಾಡಲೇಬೇಕು. 2600 ಆರ್‌ಪಿಎಂನಲ್ಲಿ ಈ ಗಾತ್ರದ ಮುಖ್ಯ ಬ್ಲೇಡ್‌ನ ತುದಿ ಗಂಟೆಗೆ ಸುಮಾರು 350 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಮೋಟರ್ ಓಡದಂತೆ ತಡೆಯುವ ಥ್ರಾಟಲ್ ಹೋಲ್ಡ್ ಸ್ವಿಚ್ ಒಂದನ್ನೇ ನಂಬಿ ತಲೆ ಬಗ್ಗಿಸಿ ಕೂರುವುದು ಬೇಡ.

ಬಾಲದ ರಾಡ್ ಅನ್ನು ಸರ್ವೋ ತೋಳಿನಿಂದ ಕಳಚಿ ಬೆರಳಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಬಾಲದ ಶಾಫ್ಟ್ ಮೇಲೆ ಸರಿದು ಬ್ಲೇಡ್‌ಗಳ ಕೋನ ಬದಲಿಸುವ ಸ್ಲೈಡರ್ ಸಲೀಸಾಗಿ ಜಾರಿತು. ಮಾಲೀಕರೂ ಇದೇ ಪರೀಕ್ಷೆ ಮಾಡಿ, ಇಲ್ಲಿ ತೊಂದರೆಯಿಲ್ಲ ಎಂದು ತೀರ್ಮಾನಿಸಿದ್ದರು. ಆದರೆ ಬಾಲದ ರೋಟರ್ ಅನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಆಡಿಸಿದಾಗ ಸ್ಲೈಡರ್ ತುಸು ತಡೆಯಿತು. ಇನ್ನೂ ಕಾಲು ಸುತ್ತಿಗೆ, ನಡುವಿನ ಒಂದು ಜಾಗದಲ್ಲಿ ಹಿಡಿದುಕೊಂಡು, ಒತ್ತಿದರೆ ಮಾತ್ರ ಚಕ್ಕನೆ ದಾಟಿತು. ಆ ನಡುವಿನ ಜಾಗವೇ ಹೋವರ್‌ನಲ್ಲಿ ಸ್ಲೈಡರ್ ಇರುವ ಜಾಗ, ಮುಖ್ಯ ರೋಟರ್‌ನ ಟಾರ್ಕ್‌ಗೆ ಎದುರಾಗಿ ಬಾಲದ ಬ್ಲೇಡ್‌ಗಳು ಕೆಲವು ಡಿಗ್ರಿ ಕೋನ ಹಿಡಿದು ನಿಲ್ಲುವ ಜಾಗ.

ಬ್ಲೇಡ್‌ಗಳ ಸಮತೋಲದ ತಪ್ಪೂ ಇರಬಹುದಲ್ಲ ಎಂಬ ಅನುಮಾನ ತೀರಿಸಿಕೊಳ್ಳಲು ಇನ್ನೊಂದು ಪರೀಕ್ಷೆ. ಮುಖ್ಯ ಬ್ಲೇಡ್‌ಗಳನ್ನು ತೆಗೆದು, ಯಂತ್ರವನ್ನು ಹಲಗೆಗೆ ಕಟ್ಟಿ, ಮೋಟರ್ ವೈರು ಮತ್ತೆ ಜೋಡಿಸಿ, ದೂರ ನಿಂತು ಕಡಿಮೆ ವೇಗದಲ್ಲಿ ಓಡಿಸಿದೆವು. ಬಾಲದ ಲಂಬ ರೆಕ್ಕೆಯ ಅಂಚು ಒಂದಕ್ಕೆ ಎರಡಾಗಿ ಕಂಡಿತು. ಬಾಲದ ಬ್ಲೇಡ್‌ಗಳನ್ನೂ ತೆಗೆದು ಓಡಿಸಿದರೂ ಆ ಮಸುಕು ಹೋಗಲಿಲ್ಲ. ಬ್ಲೇಡ್ ಇಲ್ಲದೆಯೂ ನಡುಗುತ್ತಿದೆ ಎಂದರೆ ಶಾಫ್ಟ್, ಹಬ್ ಅಥವಾ ಬೇರಿಂಗ್. ಈ ವರ್ಗದ ಬೆಲ್ಟ್ ಹೆಲಿಕಾಪ್ಟರ್‌ಗಳಲ್ಲಿ ಬಾಲ ಮುಖ್ಯ ರೋಟರ್‌ಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತುತ್ತದೆ. ಕೈಯಲ್ಲಿ ತಿರುಗಿಸಿದಾಗ ಕಣ್ಣಿಗೆ ಕಾಣದ ಸೊಟ್ಟ ಆ ವೇಗದಲ್ಲಿ ಅಡಗಿರಲಾರದು.

ಶಾಫ್ಟ್ ಹೊರತೆಗೆದು ಗಾಜಿನ ಮೇಲೆ ಉರುಳಿಸಿದಾಗ ಅಡಿಯಲ್ಲಿ ಬೆಳಕಿನ ಗೆರೆ ಮೂಡಿ ಮರೆಯಾಗುತ್ತಿತ್ತು. ಹೊಸ ಶಾಫ್ಟ್, ಹೊಸ ಬೇರಿಂಗ್‌ಗಳು, ಹಬ್‌ನ ಸ್ಕ್ರೂಗೆ ಹೊಸ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು). ಬೆಲ್ಟ್‌ನ ಬಿಗಿಯನ್ನೂ ತುಸು ಸಡಿಲಿಸಿದೆವು. ನಂತರ ಗೈರೋವನ್ನು, ದಿಕ್ಕನ್ನು ನೆನಪಿಟ್ಟು ಹಿಡಿಯುವ ಹೆಡಿಂಗ್ ಹೋಲ್ಡ್‌ನಿಂದ, ತಿರುಗುವ ವೇಗವನ್ನಷ್ಟೇ ತಡೆಯುವ ಸಾಧಾರಣ ರೇಟ್ ಮೋಡ್‌ಗೆ ಹಾಕಿ ಹೋವರ್ ಮಾಡಿ, ಬಾಲ ತಾನಾಗಿ ತಿರುಗದೆ ನಿಲ್ಲುವ ತನಕ ರಾಡ್‌ನ ಉದ್ದವನ್ನು ಸರಿಪಡಿಸಿದ್ದಾಯಿತು. ಹೆಡಿಂಗ್ ಹೋಲ್ಡ್ ಮೋಡ್ ಇಂಥ ಯಾಂತ್ರಿಕ ತಪ್ಪುಗಳನ್ನು ತನ್ನ ತಿದ್ದುಪಡಿಯಿಂದ ಮುಚ್ಚಿಹಾಕುತ್ತದೆ, ರೇಟ್ ಮೋಡ್ ಮುಚ್ಚಿಡುವುದಿಲ್ಲ.

46ರ ಗೇನ್‌ನಲ್ಲಿ ಅಲುಗಾಟ ಪೂರ್ತಿ ಹೋಯಿತು. ಪಿರುಯೆಟ್ ನಿಲ್ಲಿಸಿದ ಕಡೆ ನಿಂತಿತು. ಮಾಲೀಕರ ಮುಖ ಅರಳಿತು. ಅದೇ ಬ್ಯಾಟರಿಯ ಕೊನೆಯ ನಿಮಿಷದಲ್ಲಿ ಬಾಲ ಮತ್ತೆ ಥಟ್ಟನೆ ಒದ್ದಿತು.

ಎರಡನೇ ತಿರುವು: ಬಾಲ ಮರಳಿ ಬಂದದ್ದೆಲ್ಲಿಗೆ?

ಇಲ್ಲಿ ಮಾಲೀಕರಿಗೆ ಅನಿಸಿದ್ದು, ಶಾಫ್ಟ್ ಬದಲಿಸಿದರೂ ರೋಗ ಹೋಗಲಿಲ್ಲ ಎಂದು. ನನಗೆ ಅನಿಸಿದ್ದು ಬೇರೆ. ಅಲುಗಾಟ ಹೋಗಿ ಒದೆತ ಉಳಿಯಿತು ಎಂದರೆ ಇವೆರಡೂ ಮೊದಲಿನಿಂದಲೇ ಬೇರೆಬೇರೆ. ಇನ್ನು ಮೇಲೆ ಒದೆತ ಒಂದನ್ನೇ ನೋಡಿದರೆ ಸಾಕು.

ಒದೆತದಲ್ಲಿ ಒಂದು ಸೂಕ್ಷ್ಮ ಇತ್ತು. ಬಾಲ ಒಂದಿಷ್ಟು ಪಕ್ಕಕ್ಕೆ ಹೋಗಿ, ಮೊದಲು ನೋಡುತ್ತಿದ್ದ ದಿಕ್ಕಿಗೇ ಕರಾರುವಾಕ್ಕಾಗಿ ಮರಳುತ್ತಿತ್ತು. ಗೈರೋ ಯೂನಿಟ್ ಗಲಿಬಿಲಿಗೊಂಡಿದ್ದರೆ ಅಥವಾ ಒಂದು ಕ್ಷಣ ವಿದ್ಯುತ್ ಕಳೆದುಕೊಂಡು ಮರುಶುರುವಾಗಿದ್ದರೆ ಅದಕ್ಕೆ ಹಳೆಯ ದಿಕ್ಕಿನ ನೆನಪಿರುತ್ತಿರಲಿಲ್ಲ. ಬಾಲ ಹೊಸ ಜಾಗದಲ್ಲೇ ನಿಂತುಬಿಡುತ್ತಿತ್ತು. ರಿಸೀವರ್‌ನಿಂದ ತಪ್ಪು ರಡ್ಡರ್ (ಬಾಲ ತಿರುಗಿಸುವ) ಸಂಕೇತ ಬಂದಿದ್ದರೂ ಹಾಗೆಯೇ, ಏಕೆಂದರೆ ಗೈರೋ ಅದನ್ನು ಚಾಲಕನ ಆಜ್ಞೆ ಎಂದೇ ಒಪ್ಪಿಕೊಂಡು ದಿಕ್ಕು ಬದಲಿಸುತ್ತಿತ್ತು. ಮರಳಿ ಬರುತ್ತಿದೆ ಎಂದರೆ ಗೈರೋ ಸ್ವಸ್ಥವಾಗಿದೆ, ಅದರ ನಂತರದ ಹಾದಿಯಲ್ಲಿ, ಅಂದರೆ ಸರ್ವೋ ಅಥವಾ ಸರ್ವೋ ವೈರಿನಲ್ಲಿ, ಏನೋ ಆಗುತ್ತಿದೆ.

ಬಾಲದ ಸರ್ವೋ ಒಂದೇ ಕಿರಿದಾದ ವ್ಯಾಪ್ತಿಯಲ್ಲಿ ಸದಾ ಓಡಾಡುವುದರಿಂದ ಅದರೊಳಗೆ ತೋಳಿನ ಸ್ಥಾನ ಅಳೆಯುವ ಪೊಟೆನ್ಷಿಯೋಮೀಟರ್ ಅಲ್ಲಿಯೇ ಸವೆಯುತ್ತದೆ. ಹಾಗಾಗಿ ಸರ್ವೋ ಮೇಲೆ ಅನುಮಾನ ಬರುವುದು ನ್ಯಾಯವೇ. ಮಾಲೀಕರು ಹೊಸ ಸರ್ವೋ ತಂದು ಹಾಕಿದರು. ಒದೆತ ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ವೈರನ್ನು ಉದ್ದಕ್ಕೂ ಪರೀಕ್ಷಿಸಿದೆವು. ಕಾರ್ಬನ್ ಫ್ರೇಮಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿದೆಯೇ ಎಂದು ನೋಡುವುದು ಮುಖ್ಯ, ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಎಲ್ಲಿಯೂ ಗಾಯ ಇರಲಿಲ್ಲ.

ಆಗ ನೋಟ್‌ಬುಕ್ ತೆರೆದೆವು. ಪ್ರತಿ ಬ್ಯಾಟರಿಯ ಎದುರು ಅವರು ಸಮಯವನ್ನೂ, ಒದೆತ ಬಂದಿದ್ದರೆ ಒಂದು ಗುರುತನ್ನೂ ಹಾಕಿದ್ದರು. ಗುರುತುಗಳೆಲ್ಲ ಹಗಲು ಏರಿದ ಮೇಲಿನ ಹಾರಾಟಗಳಲ್ಲಿ. ಇಬ್ಬನಿಯ ಮುಂಜಾವಿನಲ್ಲಿ ಇಲ್ಲ, ಮಳೆ ನಿಂತ ಸಂಜೆಯಲ್ಲಿ ಇಲ್ಲ. ಮಾಲೀಕರು, "ಬಿಸಿಲಿಗೆ ಎಲೆಕ್ಟ್ರಾನಿಕ್ಸ್ ಕಾಯ್ತಾ ಇರಬೇಕು ಸರ್" ಎಂದರು. ಇರಬಹುದು. ಆದರೆ ಮಧ್ಯಾಹ್ನಕ್ಕೆ ಬಿಸಿಯೂ ಇದೆ, ಒಣಗಾಳಿಯೂ ಇದೆ. ಇವೆರಡನ್ನು ಬೇರ್ಪಡಿಸಬೇಕಿತ್ತು. ಸರ್ವೋವನ್ನೂ ಯೂನಿಟ್ ಅನ್ನೂ ಮೇಜಿನ ಮೇಲೆ ಹೇರ್ ಡ್ರೈಯರ್‌ನಿಂದ ಹದವಾಗಿ ಬೆಚ್ಚಗೆ ಮಾಡಿ, ಬಹಳ ಹೊತ್ತು ಆಡಿಸಿದೆವು. ಒಂದೇ ಒಂದು ತಪ್ಪು ಹೆಜ್ಜೆಯೂ ಇಲ್ಲ. ಉಳಿದದ್ದು ಒಣಗಾಳಿ.

ಒಣಗಾಳಿ ಎಂದಕೂಡಲೇ ಸ್ಥಾಯಿ ವಿದ್ಯುತ್ತಿನ ಯೋಚನೆ ಬರಬೇಕು. ರಬ್ಬರ್ ಬೆಲ್ಟ್ ಪ್ಲಾಸ್ಟಿಕ್ ಪುಲ್ಲಿಗಳ ಮೇಲೆ ವೇಗವಾಗಿ ಓಡುವಾಗ ವಿದ್ಯುದಂಶ ಹುಟ್ಟುತ್ತದೆ. ಭೌತಶಾಸ್ತ್ರದ ಪ್ರಯೋಗಾಲಯದ ವ್ಯಾನ್ ಡಿ ಗ್ರಾಫ್ ಯಂತ್ರದಲ್ಲೂ ವಿದ್ಯುದಂಶವನ್ನು ಹೊತ್ತು ಮೇಲಕ್ಕೆ ಸಾಗಿಸುವುದು ಬೆಲ್ಟ್‌ನ ಓಟವೇ. ತೇವದ ಗಾಳಿಯಲ್ಲಿ ಅದು ನಿಧಾನವಾಗಿ ಸೋರಿಹೋಗುತ್ತದೆ, ಒಣಗಾಳಿಯಲ್ಲಿ ಬೂಮ್ ಮೇಲೆ ಶೇಖರವಾಗುತ್ತ ಹೋಗಿ ಹತ್ತಿರದ ಲೋಹಕ್ಕೆ ಕಿಡಿಯಾಗಿ ಹಾರುತ್ತದೆ. ಈ ಯಂತ್ರದಲ್ಲಿ ಹತ್ತಿರ ಇದ್ದದ್ದು ಬೂಮ್ ಮೇಲಿನ ಸರ್ವೋ ಮತ್ತು ಅದರ ವೈರು.

ಆದರೂ ಒಂದು ಪ್ರಶ್ನೆ ಬಾಕಿ. ಬೀಳುವ ಮೊದಲೂ ಇದೇ ಬೆಲ್ಟ್ ಇತ್ತು, ಒಣ ಮಧ್ಯಾಹ್ನಗಳೂ ಇದ್ದವು. ಆಗ ಯಾಕೆ ಒದೆಯಲಿಲ್ಲ?

ಮೂರನೇ ತಿರುವು: ಎಸೆಯದೆ ಉಳಿದ ಹಳೆಯ ಬೂಮ್

ಬಾಗಿದ ಹಳೆಯ ಬೂಮ್ ಅದೃಷ್ಟಕ್ಕೆ ಇನ್ನೂ ಅವರ ಮೂಲೆಯಲ್ಲಿ ಬಿದ್ದಿತ್ತು. ತರಿಸಿ ನೋಡಿದರೆ, ಮುಂಭಾಗದಲ್ಲಿ, ಫ್ರೇಮಿನ ಪ್ಲಾಸ್ಟಿಕ್ ಹಿಡಿಕೆಯೊಳಗೆ ಸೇರುವ ಜಾಗದಲ್ಲಿ, ಬೆರಳುಗುರಿನಷ್ಟು ಅಗಲಕ್ಕೆ ಕಪ್ಪು ಬಣ್ಣವನ್ನು ಉಜ್ಜಿ ಬೆಳ್ಳಗಿನ ಅಲ್ಯೂಮಿನಿಯಂ ಕಾಣಿಸಲಾಗಿತ್ತು. ಕೆರೆದ ಗೀರುಗಳು ಒಂದೇ ದಿಕ್ಕಿಗೆ, ಅಂಚು ನೀಟಾಗಿ. ಬಿದ್ದಾಗ ಆದ ಗಾಯ ಹಾಗಿರುವುದಿಲ್ಲ, ಇದು ಯಾರೋ ಮರಳು ಕಾಗದ ಹಿಡಿದು ಮಾಡಿದ ಕೆಲಸ.

ಫ್ರೇಮಿನೊಳಗೆ ಟಾರ್ಚ್ ಹಾಕಿ ಹುಡುಕಿದಾಗ ಅದರ ಜೋಡಿಯೂ ಸಿಕ್ಕಿತು. ಮೋಟರ್ ಕೂರುವ ಲೋಹದ ತಟ್ಟೆಯ ಸ್ಕ್ರೂ ಒಂದರಿಂದ ಹೊರಟ ಸಣ್ಣ ತಂತಿ, ಅದರ ತುದಿ ಎಲ್ಲಿಗೂ ಸೇರದೆ ಮಡಚಿಕೊಂಡಿತ್ತು. ಬೂಮ್ ಬದಲಿಸುವಾಗ ಅದು ಏನೆಂದು ತಿಳಿಯದೆ, ಗೇರಿಗೆ ಸಿಗದಿರಲಿ ಎಂದು ಮಾಲೀಕರು ಒಳಗೆ ತಳ್ಳಿದ್ದರು. ಮೊದಲಿನ ಮಾಲೀಕರಿಗೆ ಇದೇ ಒದೆತ ಕಾಡಿರಬೇಕು. ಅವರು ಬೂಮ್ ಅನ್ನು ಮೋಟರ್ ತಟ್ಟೆಗೆ ತಂತಿಯಿಂದ ಸೇರಿಸಿ, ವಿದ್ಯುದಂಶ ಶೇಖರವಾಗದಂತೆ ಹರಿದುಹೋಗಲು ದಾರಿ ಮಾಡಿ, ಸಮಸ್ಯೆ ಮುಗಿಸಿದ್ದರು. ಹುಲ್ಲಿಗೆ ಬಿದ್ದ ದಿನ ಆ ಪರಿಹಾರಕ್ಕೆ ಪೆಟ್ಟೇನೂ ಆಗಿರಲಿಲ್ಲ. ಅದು ಹೋದದ್ದು ರಿಪೇರಿಯ ದಿನ.

ಹೊಸ ಬೂಮ್ ಕೂಡ ಕಪ್ಪು ಆನೋಡೈಸ್ ಮಾಡಿದ್ದು. ಆನೋಡೈಸ್ ಪದರ ಅಲ್ಯೂಮಿನಿಯಂನ ಆಕ್ಸೈಡ್, ಅದು ವಿದ್ಯುತ್ ಹರಿಸುವುದಿಲ್ಲ. ಮಲ್ಟಿಮೀಟರ್‌ನ ಎರಡು ಕಡ್ಡಿಗಳನ್ನು ಅದೇ ಬೂಮ್‌ನ ಎರಡು ಕಡೆ ಮೆಲ್ಲಗೆ ಮುಟ್ಟಿಸಿದರೂ ಮೀಟರ್ ಸುಮ್ಮನಿತ್ತು. ಲೋಹವಲ್ಲವೇ, ಹರಿದೀತು ಎಂದು ತಂತಿಯನ್ನು ಬಣ್ಣದ ಮೇಲೆಯೇ ಒತ್ತಿ ಕಟ್ಟುವವರಿದ್ದಾರೆ. ಅದರಿಂದ ಏನೂ ಪ್ರಯೋಜನವಿಲ್ಲ.

ಹೊಸ ಬೂಮ್‌ನ ಅದೇ ಜಾಗವನ್ನು ಉಜ್ಜಿ ಲೋಹ ಕಾಣಿಸಿ, ತಂತಿಯ ತುದಿಯ ಎಳೆಗಳನ್ನು ಚಪ್ಪಟೆ ಹರಡಿ ಹಿಡಿಕೆಯೊಳಗೆ ಸಿಕ್ಕಿಸಿ ಬಿಗಿ ಮಾಡಿದೆವು. ಉಜ್ಜುವುದನ್ನು ಬೆಲ್ಟ್ ತೆಗೆದು, ಬೂಮ್ ಹೊರಗಿಟ್ಟು ಮಾಡಬೇಕು, ಇಲ್ಲದಿದ್ದರೆ ಪುಡಿ ಬೇರಿಂಗ್‌ಗೆ ಹೋಗುತ್ತದೆ. ಈಗ ಬೂಮ್‌ನಿಂದ ಮೋಟರ್ ತಟ್ಟೆಗೆ ಮೀಟರ್ ಬೀಪ್ ಎಂದಿತು. ಸರ್ವೋ ವೈರಿಗೆ ಒಂದು ಹೊದಿಕೆ ಕೊಳವೆ (ಸ್ಲೀವ್) ಹಾಕಿ ಬೂಮ್‌ನಿಂದ ತುಸು ದೂರ ಹಿಡಿದು ಕಟ್ಟಿದ್ದನ್ನು ಮಾತ್ರ ಆಮೇಲೆ, ಪ್ರತ್ಯೇಕವಾಗಿ ಮಾಡಿದ್ದು.

ಫಲಿತಾಂಶ

ಒಣ ಮಧ್ಯಾಹ್ನದಲ್ಲೇ ಹಾರಿಸಿದೆವು. ಒದೆತ ಇಲ್ಲ. ಮಾಲೀಕರಿಗೆ ಅಷ್ಟು ಸಾಕಿತ್ತು, ನನಗೆ ಸಾಲದು. ಯಾವಾಗಲೋ ಬರುವ ದೋಷ ಯಾವಾಗಲೋ ಬರದೆಯೂ ಇರುತ್ತದೆ. ಅದೇ ಹೊತ್ತಿನಲ್ಲಿ ತಂತಿಯನ್ನು ತಟ್ಟೆಯ ಸ್ಕ್ರೂನಿಂದ ಕಳಚಿ, ಮೊಣಕಾಲೆತ್ತರ ದಾಟದಂತೆ, ಎಲ್ಲರೂ ದೂರ ನಿಂತು ಹೋವರ್ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಬಾಲ ಒದ್ದಿತು. ಇಳಿಸಿ ತಂತಿ ಸೇರಿಸಿ ಮತ್ತೆ ಎತ್ತಿದಾಗ ಬ್ಯಾಟರಿ ಮುಗಿಯುವವರೆಗೂ ಒದೆತ ಬರಲಿಲ್ಲ. ದೋಷವನ್ನು ಬೇಕೆಂದಾಗ ತರಿಸಲೂ ಕಳಿಸಲೂ ಬಂದ ಮೇಲೆಯೇ ರಿಪೇರಿ ಮುಗಿಯಿತು ಎಂದು ಒಪ್ಪಿದ್ದು. ಸರ್ವೋ ವೈರನ್ನು ದೂರ ಕಟ್ಟುವ ಕೆಲಸವನ್ನು ಈ ಪರೀಕ್ಷೆಯ ನಂತರಕ್ಕೆ ಉಳಿಸಿಕೊಂಡದ್ದೂ ಇದಕ್ಕೇ. ಎರಡನ್ನೂ ಒಟ್ಟಿಗೆ ಮಾಡಿದ್ದರೆ ಗುಣವಾದದ್ದು ಯಾವುದರಿಂದ ಎಂದು ಇವತ್ತಿಗೂ ವಾದ ನಡೆಯುತ್ತಿತ್ತು.

ಹೊಸ ಸರ್ವೋ ತರಿಸಿದ್ದು ಅನವಶ್ಯಕವಾಗಿತ್ತು ಎಂಬುದೂ ಈಗ ಖಚಿತ. ಮಾಲೀಕರು ಹಳೆಯದನ್ನೇ ಮರಳಿ ಹಾಕಿ, ಹೊಸದನ್ನು ಮುಂದಿನ ಬೀಳುವಿಕೆಗೆಂದು ಎತ್ತಿಟ್ಟಿದ್ದಾರೆ. ಬಿಚ್ಚಿದ ಭಾಗಗಳನ್ನು ಯಂತ್ರ ಸರಿಯಾಗಿ ಹಾರುವ ತನಕ ಎಸೆಯದೆ, ಎಲ್ಲಿಂದ ಬಿಚ್ಚಿದ್ದು ಎಂದು ಬರೆದು ಚೀಲದಲ್ಲಿಡುತ್ತಾರೆ. ಎರಡನೇ ಕೈಯ ಯಂತ್ರ ಬಿಚ್ಚುವವರಿಗೆ ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ: ಕಾರಣ ತಿಳಿಯದ ತಂತಿ, ವಾಷರ್, ಕೆರೆದ ಗುರುತು ಏನೇ ಕಂಡರೂ ಬಿಚ್ಚುವ ಮೊದಲು ಫೋಟೊ ತೆಗೆದಿಡಿ.

ಉಜ್ಜಿದ ಜಾಗಕ್ಕೂ ಆರೈಕೆ ಬೇಕು. ಬರಿಯ ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡಾಗ ಮತ್ತೆ ತೆಳುವಾದ ಆಕ್ಸೈಡ್ ಕಟ್ಟುತ್ತದೆ, ಹಿಡಿಕೆಯ ಸ್ಕ್ರೂ ಕಂಪನಕ್ಕೆ ಸಡಿಲವಾಗುತ್ತದೆ. ಹಾಗಾಗಿ ಬೆಲ್ಟ್‌ನ ಬಿಗಿ ನೋಡುವಾಗಲೆಲ್ಲ ಮೀಟರನ್ನು ಬೂಮ್‌ನ ಹಿಂಬದಿಯ ತುದಿಯ ಕತ್ತರಿಸಿದ ಅಂಚಿಗೂ ಮೋಟರ್ ತಟ್ಟೆಗೂ ಹಿಡಿದು, ಬೀಪ್ ಬರದಿದ್ದರೆ ಜಾಗವನ್ನು ಮತ್ತೆ ಉಜ್ಜುತ್ತಾರೆ.